ಮ್ಯಾನೇಜರ್ ಮೋಹಿನಿಯ ಬಲೆ

"ಮೋಹಿನಿ-ಸಾನ್, ಇವತ್ತಿನಿಂದ ನೀವು ಮ್ಯಾನೇಜರ್" ಎಂದು ಒಕಾದಾ ಸಾಹೇಬರು ಹೇಳಿದಾಗ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಒಮಾನಿನ ಸೊಹಾರ್ ಬಂದರಿನ ಪಕ್ಕ ಕಾರ್ಖಾನೆ ಕಟ್ಟುತ್ತಿದ್ದ ಜಪಾನಿ ಕಂಪನಿಯ ಸೈಟ್ ಆಫೀಸಿನಲ್ಲಿ ನಾನು ಬರೀ ಸೆಕ್ರೆಟರಿ. ಫ್ಯಾಕ್ಸು, ಫೈಲು, ಇವರ ವೀಸಾ, ಅವರ ಟಿಕೆಟ್ಟು ಎಂದು ವರ್ಷಗಟ್ಟಲೆ ತಲೆಬಿಸಿ ಮಾಡಿಕೊಂಡದ್ದು ಕೊನೆಗೂ ಒಬ್ಬರ ಕಣ್ಣಿಗೆ ಬಿತ್ತಲ್ಲ ಎಂದುಕೊಂಡೆ. ಒಕಾದಾ ಇಡೀ ಪ್ರಾಜೆಕ್ಟಿನ ಮುಖ್ಯಸ್ಥರು, ಮಾತು ಬಹಳ ಕಡಿಮೆ. ಅವರು ಬಾಯಿಬಿಟ್ಟು ಹೇಳಿದರೆ ಸಹಿ ಬಿದ್ದ ಹಾಗೆಯೇ.

ಕೂಡಲೇ ಕೊಗ್ಗಣ್ಣನಿಗೆ ಫೋನ್ ಮಾಡಿದೆ. ಕೊಗ್ಗಣ್ಣ ನನ್ನ ಅಣ್ಣ; ಸಹಮ್ ಪೇಟೆಯಲ್ಲಿ ಅವನದ್ದೊಂದು ಕಿರಾಣಿ ಅಂಗಡಿ, ಅಂಗಡಿಯ ಹಿಂದೆ ಮನೆ, ಆ ಮನೆಯಲ್ಲಿ ನಾವಿಬ್ಬರು. ನಾನು ಸಂಜೆ ಬಸ್ಸಿಳಿಯುವಷ್ಟರಲ್ಲಿ ಅವನು ಒಮಾನಿ ಹಲ್ವಾದ ದೊಡ್ಡ ಡಬ್ಬಿ ತರಿಸಿ, ಅಂಗಡಿಗೆ ಬಂದವರಿಗೆ, ಎದುರಿನ ಟೈಲರಿಗೆ, ಮೀನು ಇಳಿಸಿ ಮನೆಗೆ ಹೋಗುತ್ತಿದ್ದವರಿಗೆ ಎಲ್ಲ ಹಂಚಿಯಾಗಿತ್ತು. ಕಾಪುವಿನಲ್ಲಿದ್ದ ಅಮ್ಮನಿಗೂ ಸುದ್ದಿ ಹೋಗಿತ್ತು. ಅಮ್ಮ ಅಲ್ಲಿಂದ ಇಡೀ ಕೇರಿಗೆ ಮುಟ್ಟಿಸಿದ್ದಳು.

ಮರುದಿನ ಒಕಾದಾ ನನ್ನ ಮೇಜಿನ ಮೇಲೆ ಒಂದು ದೊಡ್ಡ ಕೆಟಲ್, ಒಂದು ರಾಶಿ ಟವೆಲ್ ಮತ್ತು ಹುರಿದ ಬಾರ್ಲಿಯ ಪೊಟ್ಟಣ ಇಟ್ಟರು.

"ಸಂಜೆ ಅಭ್ಯಾಸ ಇದೆ. ಬಾರ್ಲಿ ಚಹಾ ತಣ್ಣಗೆ ಇರಬೇಕು."

"ಯಾವ ಅಭ್ಯಾಸ ಸರ್?"

"ಬೇಸ್‌ಬಾಲ್. ನೀವು ತಂಡದ ಮ್ಯಾನೇಜರ್ ಅಲ್ಲವೇ?"

ಆಗ ಗೊತ್ತಾಯಿತು ನೋಡಿ. ಆ ವರ್ಷ, ಅಂದರೆ ಎರಡು ಸಾವಿರದ ಆರರಲ್ಲಿ, ಜಪಾನ್ ಬೇಸ್‌ಬಾಲಿನ ವಿಶ್ವ ಪಂದ್ಯಾವಳಿ ಗೆದ್ದಿತ್ತು. ಅದೇ ಹುರುಪಿನಲ್ಲಿ ಒಕಾದಾ ಸೈಟಿನಲ್ಲಿ ಒಂದು ತಂಡ ಕಟ್ಟಿದ್ದರು. ಜಪಾನಿಗಳು ಸಾಲದೆ ಬಂದದ್ದರಿಂದ, ಕ್ರಿಕೆಟ್ ಆಡುವವರಿಗೆ ಇದೂ ಬಂದೇ ಬರುತ್ತದೆ ಎಂದು ನಮ್ಮವರನ್ನು ಎಳೆದು ತಂದಿದ್ದರು. ಅವರ ದೇಶದ ಹೈಸ್ಕೂಲು ತಂಡಗಳಲ್ಲಿ ಚಹಾ ಮಾಡುವ, ಟವೆಲ್ ಒಗೆಯುವ, ಗಾಯಕ್ಕೆ ಔಷಧಿ ಹಚ್ಚುವ, ಗಂಟಲು ಹರಿಯುವಂತೆ ಕೂಗಿ ಹುರಿದುಂಬಿಸುವ ಹುಡುಗಿಯೊಬ್ಬಳು ಇರುತ್ತಾಳಂತೆ. ಅವಳ ಹೆಸರೇ ಮ್ಯಾನೇಜರ್.

ನನಗೆ ಕೋಪ ಮೂಗಿನ ತುದಿಯಲ್ಲೇ ಇರುವುದು. ಹಂಚಿದ ಹಲ್ವಾ ವಾಪಸು ತರಲಾಗುತ್ತದೆಯೇ? ರಾಜೀನಾಮೆ ಕೊಡುವುದೆಂದು ಕೆಟಲ್ ಹಿಡಿದುಕೊಂಡೇ ಮೈದಾನಕ್ಕೆ ಹೋದೆ. ಮೈದಾನ ಎಂದರೆ ಸಹಮ್ ಕಡಲ ದಂಡೆಯ ಹಿಂದಿನ ಜಲ್ಲಿ ಬಯಲು. ಬ್ಯಾಟು ಹಿಡಿದವನ ಹಿಂದೆ ಚೆಂಡು ತಡೆಯಲು ನಾಲ್ಕು ಕಂಬಕ್ಕೆ ಮೀನುಗಾರರಿಂದ ತಂದ ಹಳೆ ಬಲೆ ಕಟ್ಟಿದ್ದರು. ಗಾಳಿ ಬೀಸಿದರೆ ಇಡೀ ಬೇಸ್‌ಬಾಲಿಗೆ ಒಣಮೀನಿನ ವಾಸನೆ.

ಅಲ್ಲಿ ಶಿವಶರಣ ಬ್ಯಾಟು ಹಿಡಿದು ನಿಂತಿದ್ದರು. ಪೈಪಿಂಗ್ ಇಂಜಿನಿಯರ್, ಜಮಖಂಡಿಯವರು. ಆಫೀಸಿನಲ್ಲಿ ನನ್ನ ಹತ್ತಿರ ಒಂದು ಪಿನ್ನು ಬೇಕಾದರೂ ಬಾಗಿಲಲ್ಲಿ ನಿಂತು "ಒಳಗ ಬರಲೇನ್ರಿ?" ಎಂದು ಕೇಳುವ ಮನುಷ್ಯ. ಅವರು ಬಾರಿಸಿದ ಚೆಂಡು ಖರ್ಜೂರದ ಮರಗಳ ಕಡೆಗೆ ಹಾರಿತು. ಎಲ್ಲರೂ ಓಡು ಓಡು ಎಂದರು. ಬೇಸ್‌ಬಾಲಿನಲ್ಲಿ ಹೊಡೆದ ಮೇಲೆ ಬ್ಯಾಟು ಬಿಸಾಡಿ ಓಡಬೇಕು. ಮೂರು ಮೂಲೆ ಮುಟ್ಟಿ, ಹೊರಟ ಜಾಗಕ್ಕೇ ತಿರುಗಿ ಬಂದರೆ ಒಂದು ರನ್. ಆ ಹೊರಟ ಜಾಗಕ್ಕೆ 'ಹೋಮ್' ಎನ್ನುತ್ತಾರೆ. ಶಿವಶರಣ ಮಾತ್ರ ಬ್ಯಾಟನ್ನು ಬಗಲಲ್ಲಿ ಇಟ್ಟುಕೊಂಡೇ ಓಡಿದರು, ಮೊದಲ ಮೂಲೆಯ ಹತ್ತಿರ ಬಗ್ಗಿ, ಕ್ರಿಕೆಟ್ಟಿನಲ್ಲಿ ಗೆರೆ ಮುಟ್ಟಿಸುವ ಹಾಗೆ ಬ್ಯಾಟು ಚಾಚಿದರು. ಕಾಲು ಮುಟ್ಟದೆ ಔಟಾದರು. ಔಟಾದ ಮೇಲೂ ಬ್ಯಾಟು ಚಾಚಿಕೊಂಡೇ ಅಂಪೈರನ್ನು ನೋಡುತ್ತಿದ್ದರು.

ನಾನು ನಕ್ಕು ನಕ್ಕು ಕೆಟಲ್ ಕೆಳಗಿಟ್ಟೆ. ರಾಜೀನಾಮೆ ಮರೆತೇ ಹೋಯಿತು.

ಒಂದೆರಡು ತಿಂಗಳಲ್ಲಿ ನನಗೆ ಆಟ ತಲೆಗೇರಿತು. ಇನ್ನೊಂದು ವಿಷಯವೂ ತಲೆಗೇರಿತು, ಅದನ್ನು ಮುಚ್ಚಿಡುವುದೇನು, ಶಿವಶರಣರ ಮೇಲೆ ನನಗೆ ಮನಸ್ಸಾಗಿತ್ತು. ಟವೆಲ್ ಕೊಟ್ಟರೆ ಎರಡೂ ಕೈ ಒಡ್ಡಿ ತೆಗೆದುಕೊಳ್ಳುತ್ತಿದ್ದರು. ಚಹಾ ಕಹಿಯಾಗಿದ್ದ ದಿನವೂ "ಚೊಲೋ ಆಗೇತ್ರಿ" ಎಂದು ಕುಡಿದರು. ಒಕಾದಾ ಹೇಳಿದರೆಂದು ನಾನು ಎಲ್ಲ ಆಟಗಾರರಿಗೂ ಬಟ್ಟೆಯ ಪುಟ್ಟ ತಾಯತ ಹೊಲಿದೆ. ಅವರ ಶಾಲೆಗಳಲ್ಲಿ ಮ್ಯಾನೇಜರ್ ಹುಡುಗಿ ಅಂಗಿಯ ನಂಬರು ಹಾಕಿ ಹಾಗೆ ಹೊಲಿದು ಕೊಡುವ ಪದ್ಧತಿಯಂತೆ. ಎಲ್ಲರಿಗೂ ಇಂಗ್ಲಿಷ್ ಅಂಕೆ ಹಾಕಿದೆ. ಶಿವಶರಣರ ಏಳು ಮಾತ್ರ ಕನ್ನಡದ ಏಳು. ಜಪಾನಿಗಳು ಅದನ್ನು ಹೂವಿನ ಕಸೂತಿ ಎಂದುಕೊಂಡರು. ಚೆಂಡು ಹಿಡಿಯುವ ಕಿನ್ನಿಗೋಳಿಯ ಸ್ಟ್ಯಾನ್ಲಿ ನೋಡಿ, "ಹೌದಾ ಮೋಹಿನಿ, ನಮಗೆಲ್ಲ ಕನ್ನಡ ಬರುವುದಿಲ್ಲವಾ?" ಎಂದ. ಶಿವಶರಣರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಅಂಗಿಯ ಒಳಗೆ ಹಾಕಿಕೊಂಡರು.

ಒಂದು ಸಂಜೆ ಅವರು ಹೇಗೋ ಮೂರನೆಯ ಮೂಲೆಯವರೆಗೆ ಬಂದರು. ಅದೇ ಮೊದಲು. ಯಾರೋ ಚೆಂಡನ್ನು ದೂರ ಬಾರಿಸಿದರು. ನಾನು ಕುಣಿದು ಕುಪ್ಪಳಿಸಿ ಕೂಗಿದೆ: "ಬಲೆ! ಬಲೆ! ಬಲೆ!"

ಶಿವಶರಣರು ಓಡುವುದನ್ನು ಬಿಟ್ಟು ನಡುದಾರಿಯಲ್ಲಿ ನಿಂತು ಮೀನಿನ ಬಲೆಯ ಕಡೆಗೆ ನೋಡಿದರು. ಚೆಂಡು ಬಂತು, ಔಟ್.

ನಾನು ಟವೆಲ್ ಎಸೆದು ಹತ್ತಿರ ಹೋದೆ. "ಎಂತ ಮಾರಾಯ್ರೆ ನೀವು! ಅಷ್ಟು ಕೂಗಿದ್ದು ಕೇಳಲಿಲ್ಲವಾ?"

"ಕೇಳಿತ್ರಿ. ನೀವ ಬಲೆ ಬಲೆ ಅಂತ ಒದರಿದ್ರಿ. ಚೆಂಡು ಬಲ್ಯಾಗ ಸಿಕ್ಕೊಂಡೇತೇನೋ ಅಂತ ನಿಂತು ನೋಡಿದೆ."

"ಅಯ್ಯೋ ದೇವರೇ! ತುಳುವಿನಲ್ಲಿ ಬಲೆ ಅಂದ್ರೆ ಬನ್ನಿ ಅಂತ!"

"ನಾ ಜಮಖಂಡ್ಯಾಂವ್ರಿ. ನನಗ ಹ್ಯಾಂಗ ಗೊತ್ತಾಗಬೇಕು?" ಅವರು ಮಣ್ಣು ಕೊಡವಿಕೊಂಡರು. "ಬಲೆ ಅಂದ್ರ ಬರ್ರಿ. ಹಂಗಾರ 'ಬಾ' ಅನ್ನಾಕ ಏನಂತೀರಿ?" ಎಂದರು.

"ಬಲ."

"ನಮ್ಮ ಕಡೆ ಬಲ ಅಂದ್ರ ಶಕ್ತಿ. ಹಂಗಂತ ಯಾರಿಗಂತೀರಿ?"

"ಸಣ್ಣವರಿಗೆ. ಮನೆಯವರಿಗೆ."

ಇನ್ನೊಂದು ಬಗೆಯವರಿಗೂ ಹಾಗೆ ಹೇಳುವುದುಂಟು. ಅದನ್ನು ಹೇಳಲು ಬಾಯಿ ಬರದೆ ಟವೆಲ್ ಮಡಚತೊಡಗಿದೆ. ಈ ಪುಣ್ಯಾತ್ಮರು "ನನಗ ಬಲೆನ ಇರ್ಲಿ ಬಿಡ್ರಿ" ಎಂದು ಕೈಮುಗಿದು ಹೊರಟೇ ಹೋದರು. ಆ ಮರ್ಯಾದೆ ನೋಡಿ ನನಗೆ ಮೈಯೆಲ್ಲ ಉರಿಯಿತು.

ಒಕಾದಾ ಎಲ್ಲ ನೋಡುತ್ತಿದ್ದರು. ಒಂದು ದಿನ ಚಹಾ ಕುಡಿಯುತ್ತಾ ತಮ್ಮ ಕಥೆ ಹೇಳಿದರು. ಅವರ ದೇಶದಲ್ಲಿ ಪ್ರತಿ ಬೇಸಿಗೆಗೆ ಹೈಸ್ಕೂಲು ತಂಡಗಳ ದೊಡ್ಡ ಪಂದ್ಯಾವಳಿ. ಅದು ನಡೆಯುವ ಮೈದಾನದ ಹೆಸರು ಕೊಷಿಯೆನ್. ಅಲ್ಲಿಗೆ ಹೋಗುವುದೇ ಪ್ರತಿಯೊಬ್ಬ ಹುಡುಗನ ಕನಸು. ಮ್ಯಾನೇಜರ್ ಹುಡುಗಿ ತನಗೆ ಇಷ್ಟವಾದವನಿಗೆ ಇಷ್ಟವೆಂದು ಹೇಳುವುದಿಲ್ಲ; 'ನನ್ನನ್ನು ಕೊಷಿಯೆನ್‌ಗೆ ಕರೆದುಕೊಂಡು ಹೋಗು' ಎನ್ನುತ್ತಾಳೆ. ಅಷ್ಟರಲ್ಲೇ ಎಲ್ಲ ಬಂತು.

"ನಿಮ್ಮ ಹೆಂಡತಿಯೂ ಹಾಗೆ ಹೇಳಿದರಾ?"

"ಹೇಳಿದಳು. ನಾವು ಜಿಲ್ಲೆಯ ಮೊದಲ ಆಟದಲ್ಲೇ ಸೋತೆವು. ಕರೆದುಕೊಂಡು ಹೋಗಲು ಆಗಲಿಲ್ಲ. ಆಮೇಲೆ ಇಬ್ಬರೂ ಟಿಕೆಟ್ ತೆಗೆದು ಬೇರೆಯವರ ಆಟ ನೋಡಲು ಹೋದೆವು. ಆಕೆ ಸೆಕೆ ಎಂದಳು. ನಾನು ಐಸ್ ಕೊಡಿಸಿದೆ. ಮದುವೆಯಾಯಿತು."

ಎಂತಹ ಜನ! ನನಗೆ ಮಾತ್ರ ಆ ಮಾತು ಮನಸ್ಸಿಗೆ ನಾಟಿತು. ನಮಗೂ ಒಂದು ಕೊಷಿಯೆನ್ ಇತ್ತಲ್ಲ. ಬಂದರಿನ ಕಂಪನಿಗಳಲ್ಲಿ ಗೆದ್ದ ತಂಡ ಡಿಸೆಂಬರಿನಲ್ಲಿ ಅಲ್ ಹೈಲ್‌ಗೆ ಹೋಗಿ ಮಸ್ಕತ್ತಿನ ಜಪಾನಿಗಳ ಜೊತೆ ಆಡಬೇಕು. ಮಾರನೆಯ ದಿನ ಡ್ರಾಯಿಂಗ್ ಕೊಡಲು ಬಂದ ಶಿವಶರಣರಿಗೆ ನೇರವಾಗಿ ಹೇಳಿಬಿಟ್ಟೆ.

"ನನ್ನನ್ನು ಅಲ್ ಹೈಲ್‌ಗೆ ಕರ್ಕೊಂಡು ಹೋಗಿ."

ಅವರು ಯೋಚಿಸಿದರು. "ಯಾಕ್ರೀ, ನಿಮ್ಮಣ್ಣ ವಾರಕ್ಕೊಮ್ಮೆ ತರಕಾರಿ ತರಾಕ ಆ ಕಡೆನ ಹೊಕ್ಕಾರಲ್ಲ? ಅವರ ಗಾಡ್ಯಾಗ ಆರಾಮ ಹೋಗಬಹುದಲ್ರಿ."

ನಾನು ಆ ಡ್ರಾಯಿಂಗನ್ನು ಹರಿಯಲಿಲ್ಲ, ಅದೇ ದೊಡ್ಡದು.

ಪುಣ್ಯಕ್ಕೆ ಒಕಾದಾ ಶಿವಶರಣರನ್ನು ಕೂರಿಸಿ ಅರ್ಥ ಬಿಡಿಸಿ ಹೇಳಿದರಂತೆ. ಅದೃಷ್ಟವೂ ಕೂಡಿ ಬಂತು: ಎದುರಾಳಿ ಕಂಪನಿಯವರು ಒಟ್ಟಿಗೆ ರಜೆಯ ಮೇಲೆ ಊರಿಗೆ ಹೋದದ್ದರಿಂದ ಆಡದೆಯೇ ನಾವು ಗೆದ್ದೆವು. ಮ್ಯಾಚಿನ ವಾರ ಶಿವಶರಣರು ನನ್ನ ಬಾಗಿಲಿಗೆ ಬಂದರು. ಒಳಗೆ ಬರಲೇ ಎಂದು ಕೇಳಲಿಲ್ಲ. ಕಿವಿಯವರೆಗೆ ಕೆಂಪಾಗಿದ್ದರು.

"ನನ್ನ ಸಲಾಲಾಕ್ಕ ವರ್ಗಾ ಮಾಡ್ಯಾರ್ರಿ. ಶನಿವಾರ ಅಲ್ಲಿ ಇರಬೇಕು."

ಸಲಾಲಾ ಎಂದರೆ ಮರುಭೂಮಿ ದಾಟಿ ದೇಶದ ಇನ್ನೊಂದು ತುದಿ.

"ಗುರುವಾರ ಮ್ಯಾಚ್ ಐತಿ. ನಾ ಒಂದ ಒಂದು ರನ್ ತಂದೆ ಅಂದ್ರ, ಅವತ್ತ ನಿಮ್ಮಣ್ಣನ ಮುಂದ ನಿಂತು ಕೇಳ್ತೀನ್ರಿ."

"ತರಲಿಲ್ಲ ಅಂದ್ರೆ?"

"ಇಷ್ಟು ದಿನದಾಗ ಒಂದು ಸಲಾನೂ ಹೋಮಿಗೆ ಬಂದಿಲ್ಲ. ಒಂದು ರನ್ ತರಾಕ ಆಗದಾಂವ ಯಾವ ಮಾರಿ ಇಟ್ಕೊಂಡು ಹೆಣ್ಣು ಕೇಳಬೇಕ್ರಿ?"

ಇಂತಹ ಕಾನೂನು ಮಾಡಿದವರು ಯಾರು? ಕೇಳಿದ್ದರೆ ಒಕಾದಾರ ಹೆಸರು ಹೇಳುತ್ತಿದ್ದರೇನೋ. ಬೈಯಬೇಕೆನ್ನಿಸಿತು, ಜೊತೆಗೆ ಖುಷಿಯಿಂದ ಕೂಗಬೇಕೆಂದೂ ಅನ್ನಿಸಿತು. ಅವರು ಕೇಳುವುದಕ್ಕೆ ಹೊರಟಿದ್ದಾರೆ! ಆದರೆ ಮಧ್ಯದಲ್ಲಿ ಆ ಒಂದು ರನ್ ನಿಂತಿತ್ತು.

ಇನ್ನೊಂದು ಅಡ್ಡಿಯೂ ಇತ್ತು. ಕೊಗ್ಗಣ್ಣನ ಲೋಕದಲ್ಲಿ ಮನುಷ್ಯರು ಎರಡೇ ತರ, ಮೀನು ತಿನ್ನುವವರು ಮತ್ತು ಪಾಪದವರು. ಈಚೆಗೆ ಶಿವಶರಣರು ಅಕ್ಕಿ ಕೊಳ್ಳಲು ಬಂದಾಗಲೆಲ್ಲ "ಬಲೆ ಇಂಜಿನಿಯರ್ರೇ, ಬಲೆ" ಎಂದು ಕುರ್ಚಿ ಕೊಡುತ್ತಿದ್ದ, ಅವರು ಹೋದ ಮೇಲೆ, "ಒಳ್ಳೆ ಜನ. ಆದರೆ ಮೀನು ತಿನ್ನುವುದಿಲ್ಲವಂತೆ. ಸಹಮ್‌ನಲ್ಲಿದ್ದು ಎಂತ ಪ್ರಯೋಜನ?" ಎಂದು ತಲೆ ಕೊಡವುತ್ತಿದ್ದ.

ಗುರುವಾರ ಬೆಳಿಗ್ಗೆ ಅಣ್ಣನೇ ನನ್ನನ್ನು ಪಿಕಪ್ಪಿನಲ್ಲಿ ಅಲ್ ಹೈಲ್‌ಗೆ ಕರೆದುಕೊಂಡು ಹೋದ. ಅಂಗಡಿಗೆ ಬೀಗ ಹಾಕಿ ಆಟ ನೋಡಲು ಹೊರಟದ್ದು ನನಗೆ ಆಶ್ಚರ್ಯ. ಸೀಟಿನ ಹಿಂದೆ ಎರಡು ದೊಡ್ಡ ಬುತ್ತಿ ಕ್ಯಾರಿಯರ್, ಅದರ ಪಕ್ಕ ಬಟ್ಟೆ ಸುತ್ತಿದ ಚಿಕ್ಕದೊಂದು.

"ಇದು ಯಾರಿಗೆ ಅಣ್ಣ?"

"ಬೇಕಾಗ್ತದೆ. ನೀನು ಸುಮ್ಮನೆ ಕೂತ್ಕೋ."

ಅಲ್ ಹೈಲ್‌ನಲ್ಲಿ ಮಸ್ಕತ್ತಿನವರ ಮೈದಾನ ನೋಡಿಯೇ ನಮ್ಮ ಅರ್ಧ ಜೀವ ಹೋಯಿತು. ನಿಜವಾದ ಕಬ್ಬಿಣದ ಜಾಲರಿ, ಸುಣ್ಣದ ಗೆರೆ, ಮಕ್ಕಳು ಮರಿಗಳ ಜೊತೆ ಡೋಲು ಹಿಡಿದು ಬಂದ ಜಪಾನಿ ಸಂಸಾರಗಳು. ಅವರ ಒಬ್ಬೊಬ್ಬ ಆಟಗಾರನಿಗೂ ಬೇರೆ ಬೇರೆ ಹಾಡು! ನಮ್ಮ ಕಡೆಗೆ ನಾನೊಬ್ಬಳು, ಒಂದು ಕೆಟಲ್ಲು. ಆಟ ಶುರುವಾಯಿತು. ಅವರು ಹೊಡೆದರು, ಹೊಡೆದರು, ಹೊಡೆಯುತ್ತಲೇ ಇದ್ದರು. ನಮ್ಮ ಸ್ಟ್ಯಾನ್ಲಿಯ ಅಂಗೈ ಹಲಸಿನ ತೊಳೆಯ ಹಾಗೆ ಊದಿತು. ಕೊನೆಯ ಸರದಿ ಬರುವಾಗ ಅವರದ್ದು ಒಂಬತ್ತು, ನಮ್ಮದು ಸೊನ್ನೆ.

ಒಂಬತ್ತು ಸೊನ್ನೆಯಾದರೂ ನನಗೆ ಬೇಕಾದದ್ದು ಒಂದೇ. ಕೊನೆಯ ಸರದಿಯಲ್ಲಿ ಮೂವರು ಔಟಾದರೆ ಆಟ ಖಲಾಸ್. ಇಬ್ಬರು ಔಟಾಗಿ ಹೋದರು. ಆಗ ಶಿವಶರಣರು ಬಂದರು. ಅಂಗಿಯ ಮೇಲಿನಿಂದ ತಾಯತ ಮುಟ್ಟಿಕೊಂಡದ್ದನ್ನು ನಾನು ಕಂಡೆ. ಎದುರಾಳಿ ಎಸೆದ ಮೊದಲ ಚೆಂಡೇ ಬಂದು ಅವರ ಭುಜಕ್ಕೆ ಧಡ್ ಎಂದು ಬಡಿಯಿತು. ನಾನು ಕಿರಿಚಿದೆ. ಅಂಪೈರ್ ಮೊದಲ ಮೂಲೆಯ ಕಡೆಗೆ ಕೈ ತೋರಿಸಿದ. ಚೆಂಡು ಮೈಗೆ ಬಡಿದರೆ ಮೊದಲ ಮೂಲೆ ಪುಕ್ಕಟೆ! ಶಿವಶರಣರು ಭುಜ ತಿಕ್ಕಿಕೊಳ್ಳುತ್ತಾ ಹೊರಟರು. ಬ್ಯಾಟು ಕೈಯಲ್ಲೇ ಇತ್ತು.

"ಬ್ಯಾಟು ಬಿಡಿ ಮಾರಾಯ್ರೆ!" ಎಂದು ಕೂಗಿದೆ. ಬಿಟ್ಟರು.

ಮುಂದೆ ಆಡಲು ಬಂದದ್ದು ನಮ್ಮ ಕಂಪನಿಯ ವೀಸಾ ಕೆಲಸದ ಅಹ್ಮದ್. ಅವನು ಕಣ್ಣು ಮುಚ್ಚಿ ಬೀಸಿದ. ಚೆಂಡು ಎಲ್ಲರ ತಲೆಯ ಮೇಲೆ ಹಾರಿ ಬಯಲಿನಲ್ಲಿ ಬಿತ್ತು. "ಯಲ್ಲಾ! ಯಲ್ಲಾ!" ಎಂದು ಅವನೇ ಕೂಗುತ್ತಾ ಓಡಿದ. ಶಿವಶರಣರು ಎರಡನೆಯ ಮೂಲೆ ದಾಟಿದರು, ಬಿದ್ದರು, ಎದ್ದರು, ಮೂರನೆಯ ಮೂಲೆಗೆ ಬಂದು ಅಪ್ಪಿಕೊಂಡರು. ಇನ್ನು ಉಳಿದದ್ದು ಹೋಮ್ ಒಂದೇ. ನಾನು ಕೂತಿದ್ದ ಬೆಂಚು ಅದರ ಪಕ್ಕದಲ್ಲೇ. ಅವರ ಮುಖ ನನಗೆ ನೇರ ಕಾಣುತ್ತಿತ್ತು. ಅಣ್ಣ ನನ್ನ ಹಿಂದೆ ನಿಂತಿದ್ದ.

ಊದಿದ ಕೈಯಲ್ಲಿ ಸ್ಟ್ಯಾನ್ಲಿ ಬ್ಯಾಟು ಹಿಡಿದ. ಅವನು ಹೊಡೆಯಲಾರ ಎಂದು ನೋಡಿದವರಿಗೆಲ್ಲ ಗೊತ್ತಿತ್ತು. ಬೀಸಿದ, ಸಿಗಲಿಲ್ಲ. ಮತ್ತೆ ಬೀಸಿದ, ಸಿಗಲಿಲ್ಲ. ಇನ್ನೊಂದು ತಪ್ಪಿದರೆ ಮುಗಿಯಿತು. ಶಿವಶರಣರು ಮೂರನೆಯ ಮೂಲೆಯಲ್ಲೇ ನಿಂತು, ಅಲ್ಲಿಂದಲೇ ಸಲಾಲಾಕ್ಕೆ ಹೋಗುತ್ತಾರೆ.

ಎದುರಾಳಿ ಎಸೆದ. ಚೆಂಡು ಕೈಜಾರಿ ನೆಲಕ್ಕೆ ಬಡಿದು, ಹಿಂದೆ ಕೂತು ಹಿಡಿಯುವವನನ್ನು ದಾಟಿ ಉರುಳಿ ಉರುಳಿ ಜಾಲರಿಯ ಬುಡಕ್ಕೆ ಹೋಯಿತು. ಹಾಗೆ ತಪ್ಪಿಹೋದ ಚೆಂಡಿಗೂ ಓಡಬಹುದು!

"ಬಲೆ!" ನಾನು ಎದ್ದು ನಿಂತು ಕೂಗಿದೆ. "ಬಲೆ! ಬಲೆ!"

ಅವರು ಹೊರಟರು. ನಾಲ್ಕು ಹೆಜ್ಜೆ ಬಂದು ಜಾಲರಿ ನೋಡಿದರು, ನನ್ನನ್ನು ನೋಡಿದರು, ನಿಂತರು! ಆ ಗಡಿಬಿಡಿಯಲ್ಲಿ ಅವರಿಗೆ ತುಳು ನೆನಪಿತ್ತೋ ಕನ್ನಡ ನೆನಪಿತ್ತೋ ದೇವರೇ ಬಲ್ಲ. ಚೆಂಡು ನಿಜವಾಗಿಯೂ ಬಲೆಯಲ್ಲಿತ್ತು, ಅದೇ ಬಂದದ್ದು ಕಷ್ಟ. ಹಿಡಿಯುವವನು ಅದನ್ನು ಹೆಕ್ಕಲು ಬಗ್ಗುತ್ತಿದ್ದ.

ಮರ್ಯಾದೆ, ಬಹುವಚನ, ಹಿಂದೆ ನಿಂತ ಅಣ್ಣ, ಎಲ್ಲ ಮರೆತೆ.

"ಬಲ!" ಎಂದು ಗಂಟಲು ಹರಿಯುವಂತೆ ಕಿರಿಚಿದೆ. "ಬಲ ಮಾರಾಯಾ! ಬಲ!"

ಆ ಮುಖ ನಾನು ಸಾಯುವವರೆಗೆ ಮರೆಯುವುದಿಲ್ಲ. ಅವರು ಓಡಿದರು. ಹಾಗೆ ಓಡಿದ್ದನ್ನು ನಾನು ಅದಕ್ಕೆ ಮೊದಲೂ ನೋಡಿಲ್ಲ, ಆಮೇಲೂ ನೋಡಿಲ್ಲ. ಚೆಂಡು ಎಸೆದದ್ದೂ ಅವರು ಹೊಟ್ಟೆಯ ಮೇಲೆ ಜಾರಿದ್ದೂ ಒಟ್ಟಿಗೆ ಆಯಿತು. ಧೂಳು ಎದ್ದಿತು. ಧೂಳಿನೊಳಗಿಂದ ಎರಡು ಕೈ ಚಾಚಿಕೊಂಡಿದ್ದವು, ಬ್ಯಾಟಿಲ್ಲದ ಬರೀ ಕೈ, ಹೋಮಿನ ಬಿಳಿ ಹಲಗೆಯ ಮೇಲೆ.

ಅಂಪೈರ್ ಎರಡೂ ತೋಳು ಅಗಲಿಸಿದ. ಸೇಫ್! ರನ್ ಬಂತು!

ಮುಂದಿನ ಚೆಂಡಿಗೆ ಸ್ಟ್ಯಾನ್ಲಿ ಔಟಾದ. ಒಂಬತ್ತು ಒಂದರಲ್ಲಿ ಸೋತೆವು. ಸೋತವರು ಹೀಗೆ ಕುಣಿಯುವುದೇಕೆಂದು ಮಸ್ಕತ್ತಿನವರು ಕಣ್ಣುಬಿಟ್ಟು ನೋಡಿದರು. ಅಹ್ಮದ್ ಶಿವಶರಣರನ್ನು ಹೆಗಲ ಮೇಲೆ ಎತ್ತಿಕೊಂಡ. ಮಾತು ಕಡಿಮೆಯ ಒಕಾದಾ ಟೋಪಿ ಮುಖಕ್ಕೆ ಹಿಡಿದು ಅಳುತ್ತಿದ್ದರು. ನಾನಂತೂ ನಗುತ್ತಿದ್ದೆನೋ ಅಳುತ್ತಿದ್ದೆನೋ ನನಗೇ ಗೊತ್ತಿರಲಿಲ್ಲ.

"ಮೋಹಿನಿ" ಎಂದು ಹಿಂದಿನಿಂದ ಅಣ್ಣನ ಧ್ವನಿ ಬಂತು. "ನೀನು ಯಾರಿಗೆ 'ಬಲ' ಅಂದದ್ದು?"

ನಗು ಅಲ್ಲೇ ನಿಂತಿತು. ಇನ್ನೂರು ಜನ ಆ ಕೂಗು ಕೇಳಿದ್ದರು. ಅರ್ಥವಾದದ್ದು ಮೂವರಿಗೆ ಮಾತ್ರ. ಅವರಲ್ಲೊಬ್ಬ ಅಣ್ಣ. ನಾನು ತಲೆ ತಗ್ಗಿಸಲಿಲ್ಲ.

ಅಷ್ಟರಲ್ಲಿ ಶಿವಶರಣರು ಬಂದು ಅಣ್ಣನ ಎದುರು ನಿಂತರು. ತಲೆಯಿಂದ ಕಾಲಿನವರೆಗೆ ಮಣ್ಣು. ಅಂಗಿಯ ಹೊರಗೆ ಬಂದು ಜೋತಾಡುತ್ತಿದ್ದ ಕನ್ನಡದ ಏಳು. ಕೈ ಮುಗಿದು, "ಕೊಗ್ಗಣ್ಣಾರ, ನಾ ನಿಮಗ ಒಂದು ಮಾತು..." ಎಂದರು. ಬಾಯಿಗೆ ಹೋದ ಮರಳಿಗೆ ಕೆಮ್ಮು ಬಂತು. ಮತ್ತೆ ಶುರು ಮಾಡಿದರು, ಮತ್ತೆ ಕೆಮ್ಮಿದರು. ಅಣ್ಣ ಅವರನ್ನು ಮೇಲಿನಿಂದ ಕೆಳಗೆ ನೋಡಿ, ಪಿಕಪ್ಪಿನ ಕಡೆಗೆ ನಡೆದ.

ಅಣ್ಣ ಹಿಂದಿನ ಬಾಗಿಲು ಇಳಿಸಿದ. ದೊಡ್ಡ ಕ್ಯಾರಿಯರ್ ಎರಡನ್ನೂ ಸ್ಟ್ಯಾನ್ಲಿಯ ಕಡೆಗೆ ತಳ್ಳಿದ. ಬಂಗುಡೆ ಮೀನಿನ ಸಾರಿನ ಘಮ ಬಂತು. ಆಮೇಲೆ ಬಟ್ಟೆ ಸುತ್ತಿದ ಚಿಕ್ಕದನ್ನು ಬಿಚ್ಚಿದ. ಅನ್ನ, ತೊವ್ವೆ, ಬದನೆಕಾಯಿ ಪಲ್ಯ. ಬೆಳಗಾಗುವ ಮೊದಲೇ ಎದ್ದು, ಮೀನಿನ ಪಾತ್ರೆ ಮುಟ್ಟಿಸದೆ ಬೇರೆಯೇ ಮಾಡಿಟ್ಟದ್ದು. ಇವನಿಗೆ ಎಂದಿನಿಂದ ಗೊತ್ತಿತ್ತೋ! ನನಗೆ ಕಣ್ಣೀರು ತಡೆಯಲಾಗಲಿಲ್ಲ.

ಆಗ ಅಣ್ಣ ಶಿವಶರಣರ ಕಡೆಗೆ ತಿರುಗಿದ. ಇಷ್ಟು ದಿನ ಬಲೆ ಎನ್ನುತ್ತಿದ್ದ ಬಾಯಿಯಿಂದಲೇ ಹೇಳಿದ.

"ಬಲ. ಮೀನ್ ಇಜ್ಜಿ."

ಬಾ, ಮೀನಿಲ್ಲ. ಇದನ್ನು ಅವರಿಗೆ ಬಿಡಿಸಿ ಹೇಳಬೇಕೆಂದು ನಾನು ಬಾಯಿ ತೆರೆದೆ. ಬೇಕಾಗಲಿಲ್ಲ. ಸ್ಟ್ಯಾನ್ಲಿಯ ಹತ್ತಿರ ಯಾವಾಗ ಕಲಿತಿದ್ದರೋ ಏನೋ, ಜಮಖಂಡಿಯ ಶಿವಶರಣರು ಮಣ್ಣಿನ ಕೈ ಅಂಗಿಗೆ ಒರೆಸಿಕೊಂಡು, ಬಂದೆ ಎಂಬುದನ್ನು ಅಚ್ಚ ತುಳುವಿನಲ್ಲಿ ಹೇಳಿದರು.

"ಬತ್ತೆ ಕೊಗ್ಗಣ್ಣ, ಬತ್ತೆ."